ಕಬೋಟು ಅಂದೆ

ಮೂರು ವರ್ಷ ಮೊಟ್ಟೆ ಮಾರಿದ ದುಡ್ಡು
ಹಿಟ್ಟಿನ ಡಬ್ಬಿಯ ತಳದಿಂದ ಎದ್ದು
ಒಂದು ಬೆಳಿಗ್ಗೆ ಬೆಳ್ಳಿ ಬಣ್ಣದ ವಿಟ್ಜ್ ಆಗಿ
ಚೋಮಾದಲ್ಲಿ ನನ್ನ ಬಾಗಿಲ ಮುಂದೆ ನಿಂತಿತು.
ಹೊಸದಾ? ಕೇಳಿದಳು ಪಕ್ಕದ ಮನೆಯ ಚೋಲ್ವೆ.
ನನಗೆ ಹೊಸದು, ಅಂದೆ.
ಅದಕ್ಕೆ ನಾನು ಎಷ್ಟನೆಯವಳೋ.

ಜಪಾನಿನ ಯಾವುದೋ ಊರಲ್ಲಿ ಓಡಿ ದಣಿದು
ಹಡಗೇರಿ, ದಾರ್ ಎಸ್ ಸಲಾಮಿನಲ್ಲಿ ಇಳಿದು
ನಕೊಂಡೆ ಗಡಿಯಲ್ಲಿ ಹನ್ನೊಂದು ದಿನ ಬಿಸಿಲು ಕಾದ ಗಾಡಿ.
ಸೀಟಿನಡಿ ಒಂದು ತೂತಿನ ನಾಣ್ಯ, ಒಂದು ಹೇರ್‌ಪಿನ್ನು.
ಹಿಂದಿನ ಗಾಜಿಗೆ ಯಾವ ಮಗುವೋ ಅಂಟಿಸಿದ ಮೀನು,
ಬಾಲ ಇಲ್ಲದ್ದು.
ಕೆರೆದು ತೆಗಿ, ಅಂದ ಅಣ್ಣ.
ಇರಲಿ ಬಿಡು, ಮೀನೇನು ಪೆಟ್ರೋಲು ಕುಡಿಯುತ್ತದಾ?

ಕೀಲಿ ತಿರುವಿದರೆ ಸಾಕು
ಡ್ಯಾಶ್‌ಬೋರ್ಡಿನೊಳಗಿಂದ ಒಬ್ಬ ಹೆಂಗಸು
ತಣ್ಣಗಿನ ದನಿಯಲ್ಲಿ, ತಲೆಬಾಗಿ ನಿಂತವಳಂತೆ
ಏನೋ ಹೇಳುತ್ತಾಳೆ.
ಹೇಗೆ ಎದ್ದಿರಿ ಎಂದು ಕೇಳುತ್ತಿರಬೇಕು ಅಂದುಕೊಂಡೆ.
ನಮ್ಮಲ್ಲಿ ಅದನ್ನು ಕೇಳದೆ ಯಾರೂ ಮಾತಿಗಿಳಿಯುವುದಿಲ್ಲ.
ಕಬೋಟು, ಅಂದೆ. ಚೆನ್ನಾಗಿದ್ದೇನೆ, ನೀವು?
ಅವಳು ಸುಮ್ಮನಾದಳು. ಇಂಜಿನ್ನು ಉತ್ತರ ಕೊಟ್ಟಿತು.

ಗಾಡಿ ಕೊಳ್ಳುವುದು ಒಂದು ದಿನದ ಮದುವೆ.
ಬಾಳುವೆಯೆಲ್ಲ ಹಾಮೂಂಗಾನ ಜಕರಂದಾ ಮರದ ಕೆಳಗೆ.
ಅವನ ಗ್ಯಾರೇಜಿಗೆ ಗೋಡೆಯಿಲ್ಲ;
ಕೊಂಬೆಗೆ ಚೈನು, ಚೈನಿಗೆ ಯಾರದೋ ಇಂಜಿನ್ನು,
ಇಂಜಿನ್ನಿನ ಮೇಲೆ ನೇರಳೆ ಹೂವು.
ಬಾನೆಟ್ಟು ಎತ್ತಿ ಅವನು ಮೊದಲು ಮೂಸುತ್ತಾನೆ,
ಸಾರು ಹಳಸಿದೆಯೇ ಎಂದು ನೋಡುವ ಹಾಗೆ.
‘ಲುಯಾಂಡೋನಮ್ಮ, ಇದಕ್ಕೆ ಯಾರೋ ಬೇರೆ ಎಣ್ಣೆ ಕುಡಿಸಿದ್ದಾರೆ.
ಗೇರ್‌ಬಾಕ್ಸು ಮುನಿದಿದೆ. ಅದು ಕೇಳುವುದನ್ನೇ ಕೊಡಿ.’
ಆ ತಿಂಗಳು ಮನೆಯಲ್ಲಿ ಮಾಂಸ ಬೇಯಲಿಲ್ಲ.
ಗಾಡಿ ಮಾತ್ರ ಬೆಣ್ಣೆಯಿಂದ ಕೂದಲೆಳೆದಂತೆ ಹೊರಟಿತು.

ಈಗ ನನಗೆ ಗೊತ್ತು:
ತಿರುವಿನಲ್ಲಿ ಟಕಟಕ ಅಂದರೆ ಆಕ್ಸಲ್ಲು,
ಬ್ರೇಕಿಗೆ ಕುಂಯ್ ಅಂದರೆ ಪ್ಯಾಡು,
ಏನೂ ಅನ್ನದೆ ಸುಮ್ಮನಿದ್ದರೆ
ಅದೇ ಎಲ್ಲಕ್ಕಿಂತ ದೊಡ್ಡ ಖರ್ಚು.
ಕಲೋಮೋ ರಸ್ತೆಯ ಗುಂಡಿಗಳನ್ನು
ನಾನು ಒಡೆದ ಮೊಟ್ಟೆಗಳಲ್ಲಿ ಲೆಕ್ಕ ಹಾಕುತ್ತೇನೆ.

ಲುಸಾಕಾದಲ್ಲಿ ಎಡಗನ್ನಡಿ ಕದ್ದರು.
ಮರುದಿನ ಸಂತೆಯಲ್ಲಿ ಗೋಣಿತಾಟಿನ ಮೇಲೆ
ಅದೇ ಕನ್ನಡಿ, ಮೂಲೆಯಲ್ಲಿ ಅದೇ ಗೀರು.
ಮುನ್ನೂರು ಕ್ವಾಚಾ, ಅಂದ ಹುಡುಗ.
ಒಳಗಿನ ನನ್ನ ಮುಖವೂ ನನ್ನ ಜೊತೆ ಸೇರಿ ಚೌಕಾಸಿ ಮಾಡಿತು.
ಇನ್ನೂರೈವತ್ತಕ್ಕೆ
ನನ್ನನ್ನು ನನಗೇ ಮಾರಿದ.

ಅಕ್ಟೋಬರಿನ ಕೆಂಡದಲ್ಲಿ, ಬಟೋಕಾ ದಾಟಿದ್ದೇ
ಕೆಂಪು ದೀಪ ಹತ್ತಿತು. ಬಾನೆಟ್ಟಿನಿಂದ ಹಬೆ.
ಹಿಂದೆ ಮೂವತ್ತು ಟ್ರೇ ಮೊಟ್ಟೆ,
ಬಿಸಿಲಿಗೆ ಮರಿಯಾದರೂ ಆದಾವು ಎಂಬ ಯೋಚನೆ.
ನಿಂತವನು ರಸ್ತೆ ಅಳೆಯುವ ಹಾಚಿಪುಕಾ.
ತಣಿಯಲಿ ಎಂದು ಮುಕ್ಕಾಲು ಗಂಟೆ ಕೂರಿಸಿದ,
ತನ್ನ ಕುಡಿಯುವ ನೀರನ್ನೇ ಸುರಿದ.
ಕೀಲಿ ತಿರುವಿದೆ. ಅವಳು ತನ್ನ ಮಾತು ಹೇಳಿದಳು.
ಅವನು ಬಿದ್ದು ಬಿದ್ದು ನಕ್ಕ.
ಆ ದೇಶದಲ್ಲಿ ನಾಲ್ಕು ವರ್ಷ ಸೇತುವೆ ಓದಿದವನಂತೆ.
‘ಸುಂಕದ ಕಾರ್ಡು ಹಾಕಿಲ್ಲ ಅನ್ನುತ್ತಿದ್ದಾಳೆ. ಅಷ್ಟೇ.’

ಅಷ್ಟೇ.
ಆಸ್ಪತ್ರೆಯ ಕಿಟಕಿಯಲ್ಲಿ, ಕಾರ್ಡು ತಂದಿಲ್ಲ.
ಬ್ಯಾಂಕಿನಲ್ಲಿ, ಈ ಕಾರ್ಡು ನಡೆಯಲ್ಲ.
ಮತಗಟ್ಟೆಯಲ್ಲಿ, ಹೆಸರಿದೆ, ಕಾರ್ಡೆಲ್ಲಿ?
ಹುಟ್ಟಿದಾಗಿನಿಂದ ಕೇಳಿದ್ದನ್ನೇ
ಎರಡು ವರ್ಷ ಕ್ಷೇಮ ಸಮಾಚಾರವೆಂದು ಕೇಳಿದೆನಲ್ಲ.
ಆದರೂ
ಇಷ್ಟು ಮರ್ಯಾದೆಯಿಂದ ಯಾರೂ ಹೇಳಿರಲಿಲ್ಲ.

ಹಾಮೂಂಗಾ ನೀರಿನ ಪಂಪು ಬದಲಿಸಿದ.
ಒಂದು ತಂತಿ ಎತ್ತಿ ಹಿಡಿದು, ಕತ್ತರಿಸಲಾ,
ಬಾಯಿ ಮುಚ್ಚುತ್ತಾಳೆ, ಅಂದ.
ಇಕ್ಕಳ ಕಿತ್ತುಕೊಂಡೆ.

ಬೆಳಿಗ್ಗೆ ಐದೂವರೆ. ಡಿಕ್ಕಿಯಲ್ಲಿ ಐದು ಲೀಟರ್ ನೀರು.
ಜೂನ್ ಚಳಿಗೆ ಗಾಜೆಲ್ಲ ಮಂಜು,
ಬಾಲವಿಲ್ಲದ ಮೀನಿನ ಮೇಲೂ.
ಕೀಲಿ ತಿರುವುತ್ತೇನೆ. ಅವಳು ಹೇಳುತ್ತಾಳೆ.
ಇಲ್ಲ ತಾಯಿ, ಇವತ್ತೂ ತಂದಿಲ್ಲ,
ಗೇಟಿನಲ್ಲಿ ನೋಟು ಕೊಡುತ್ತೇನೆ.
ಕಬೋಟು. ನೀವು?
ಗಾಡಿ ಅಲುಗುತ್ತದೆ. ಹಿಂದೆ ಮೊಟ್ಟೆಗಳು
ಒಂದಕ್ಕೊಂದು ಒರಗಿ ಕೂರುತ್ತವೆ.