ನೀರು ಕುದಿಯುವ ಮೊದಲು

ಮಂಗಳವಾರ ರಾತ್ರಿ ಒಂಬತ್ತಕ್ಕೆ ನನ್ನ ಪಾಳಿ ಮುಗಿಯುತ್ತದೆ.
ಟ್ರಾಮನ್ನು ಶೆಡ್ಡಿಗೆ ಸೇರಿಸಿ, ಕೀಲಿ ಒಪ್ಪಿಸಿ,
ಬ್ರೇಕಿನ ಹಿಡಿಯ ಕಬ್ಬಿಣದ ವಾಸನೆ ಅಂಗೈಯಲ್ಲಿ ಹಾಗೇ ಇರುವಾಗ
ಏರುದಾರಿ ಹತ್ತಿ ಹಳೇ ಟಾಕೀಸಿಗೆ ಬರುತ್ತೇನೆ.
ಪೋರ್ಟೋದಲ್ಲಿ ಎಲ್ಲ ದಾರಿಯೂ ಏರು;
ಇಳಿದದ್ದೆಲ್ಲ ನದಿಗೆ.

ಟಿಕೆಟ್ಟು ಹರಿಯುವ ಜುಲ್ಮೀರಾ ಕೇಳುತ್ತಾಳೆ:
"ಇವತ್ತು ನಿದ್ದೆಗೋ, ನೋಡೋದಕ್ಕೋ?"
"ಎರಡಕ್ಕೂ ಒಂದೇ ದರ ತಾನೆ?"

ಮೊದಲ ಸಲ ಒಳಗೆ ಬಂದದ್ದು ಕಾಲುನೋವಿಗೆ, ಕಲೆಗಲ್ಲ.
ಪರದೆಯ ಮೇಲೆ ಒಬ್ಬ ಹಿಮದ ಬಯಲಲ್ಲಿ
ಬಾಗಿಲೊಂದನ್ನು ಹೊತ್ತು ನಡೆಯುತ್ತಿದ್ದ.
ನಲವತ್ತು ನಿಮಿಷ. ಗೋಡೆಯಿಲ್ಲ, ಮನೆಯಿಲ್ಲ,
ಯಾಕೆ ಎಂದು ಬೊಗಳುವ ಒಂದು ನಾಯಿಯೂ ಇಲ್ಲ.
ಅರ್ಥ ಗಿರ್ಥ ನನಗೆ ಹೊಳೆಯಲಿಲ್ಲ.
ತಿರುಗಣಿ ಯಾವ ಕಡೆಗಿದೆ ಎಂದಷ್ಟೇ ನೋಡುತ್ತಿದ್ದೆ:
ನಮ್ಮಪ್ಪ ಬಡಗಿ. ಅದು ಎಡಗೈ ಬಾಗಿಲು.
ತಪ್ಪು ಭುಜದ ಮೇಲೆ ಹೊತ್ತಿದ್ದ, ಮುಠ್ಠಾಳ.
ಆ ರಾತ್ರಿಯೆಲ್ಲ ನನ್ನ ಬಲಭುಜ ನೋಯಿತು.

ಇನ್ನೊಂದರಲ್ಲಿ ಯಾರಿಗೂ ಮುಖವಿಲ್ಲ, ಬರೀ ಹೆಕ್ಕತ್ತು.
ಮದುವೆಯಾದರು, ಜಗಳವಾಡಿದರು, ಒಬ್ಬ ಸತ್ತೂ ಹೋದ,
ಎಲ್ಲ ಹಿಂದಲೆಯಿಂದಲೇ.
ಜನ ಎದ್ದರು. ಕುರ್ಚಿಗಳು ಪಟಪಟ ಮಡಚಿಕೊಂಡವು.
ನಾನು ಏಳಲಿಲ್ಲ.
ಇಪ್ಪತ್ತಾರು ವರ್ಷ ಊರಿಗೆ ಊರೇ
ನನ್ನ ಹೆಕ್ಕತ್ತು ನೋಡಿಕೊಂಡು ಕೆಲಸಕ್ಕೆ ಹೋಗಿದೆ.
ಅಲ್ಲೇನಾದರೂ ಬರೆದಿತ್ತೆ?
ಯಾರಾದರೂ ಓದಿ, ಏನೂ ಹೇಳದೆ, ತಮ್ಮ ನಿಲ್ದಾಣದಲ್ಲಿ ಇಳಿದರೆ?

ಪಾತ್ರೆಯ ಚಿತ್ರ ಮಾತ್ರ ನನಗೆ ಆಗಿಬರಲಿಲ್ಲ.
ಒಲೆಯ ಮೇಲೆ ಗಾಜಿನ ಪಾತ್ರೆ, ಪಾತ್ರೆಯಲ್ಲಿ ನೀರು. ಅಷ್ಟೆ.
ತಳದಲ್ಲಿ ಸಾಸಿವೆಯಂಥ ಗುಳ್ಳೆ,
ಆಮೇಲೆ ಮೆಣಸಿನಂಥದು, ಆಮೇಲೆ ಕಡಲೆಯಂಥದು,
ಇನ್ನೇನು ಉಕ್ಕಬೇಕು ಎನ್ನುವಾಗ
ಮುಗಿಯಿತು! ಹೆಸರುಗಳ ಪಟ್ಟಿ ಮೇಲೇರತೊಡಗಿತು.
"ಮೋಸ!" ಎಂದು ಕೂಗಿಯೇಬಿಟ್ಟೆ.
ಚರ್ಚೆ ನಡೆಸುವ ಬೆಲ್ಮೀರು, ಬೇಸಿಗೆಯಲ್ಲೂ ಮಫ್ಲರು ಸುತ್ತುವವನು,
"ಕಾಯುವುದೇ ಇಲ್ಲಿ ಮುಖ್ಯ ಪಾತ್ರ, ಮೇಡಂ" ಅಂದ.
ಪಾತ್ರವಂತೆ. ಮನೆಗೆ ಹೋದವಳೇ ಕೋಟೂ ಕಳಚದೆ
ಪಾತ್ರೆ ತುಂಬ ನೀರಿಟ್ಟು ಕುದಿಸಿದೆ.
ಕೊತಕೊತ ಕುದಿಯಿತು. ಕಿಟಕಿ ಬೆವರಿತು.
ಚಹಾ ಮಾಡಲಿಲ್ಲ, ಸೂಪು ಮಾಡಲಿಲ್ಲ.
ನೋಡಿದೆ, ಆರಿಸಿದೆ, ಗೆದ್ದವಳಂತೆ ಮಲಗಿದೆ.
ಮೂರು ಗಂಟೆಗೆ ಎಚ್ಚರ:
ಕುದಿಯುವ ಮೊದಲು ನೀರು ಗುಂಯ್ ಅನ್ನುತ್ತದಲ್ಲ,
ಅದನ್ನು ಕೇಳಲೇ ಇಲ್ಲವಲ್ಲ ನಾನು.
ಎದ್ದು ಮತ್ತೆ ಇಟ್ಟೆ.

ಕಳೆದ ಮಂಗಳವಾರ ಕರೆಂಟು ಹೋಯಿತು.
ನಮಗೇನು ಗೊತ್ತು? ಪರದೆ ಕಪ್ಪಾಯಿತು;
ಇಂಥವನ್ನೆಲ್ಲ ಕಂಡವರೇ, ಇದ್ದ ಹನ್ನೊಂದು ಜನವೂ.
ಯಾರೋ ಕೆಮ್ಮಿದರು. ಯಾರದೋ ಹೊಟ್ಟೆ ಗುರುಗುಟ್ಟಿತು.
ತಾರಸಿಯ ಸಂದಿನಲ್ಲೊಂದು ಪಾರಿವಾಳ ಮಗ್ಗುಲು ಬದಲಿಸಿತು.
ಬೆಲ್ಮೀರು ಬರೆದುಕೊಳ್ಳುವ ಸದ್ದು,
ಆ ಕಗ್ಗತ್ತಲಲ್ಲಿ, ಪುಣ್ಯಾತ್ಮ, ಸಾಲಿನ ಮೇಲೆ ಸಾಲು!
ನನ್ನ ಪಕ್ಕದವಳು, ಗುರುತಿಲ್ಲದವಳು,
ಸಣ್ಣಗೆ ಅಳತೊಡಗಿದಳು.
ನಾನು ಅದನ್ನು ಚಿತ್ರದ್ದೇ ಎಂದುಕೊಂಡು,
ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದುಕೊಂಡು,
ಕೈಕಟ್ಟಿ, ಕದಲದೆ, ಪೂರ್ತಿ ಕೇಳಿದೆ.

ಜುಲ್ಮೀರಾ ಟಾರ್ಚು ಹಿಡಿದು ಬಂದಾಗಲೇ ತಿಳಿದದ್ದು.
ಪಕ್ಕದ ಕುರ್ಚಿ ಖಾಲಿ. ಮುಟ್ಟಿ ನೋಡಿದೆ,
ಇನ್ನೂ ಬೆಚ್ಚಗಿತ್ತು.
ಎಲ್ಲರಿಗೂ ದುಡ್ಡು ವಾಪಸು ಕೊಟ್ಟರು. ನಾನು ಇಸಿದುಕೊಳ್ಳಲಿಲ್ಲ.

ಗುರುವಾರ ಬೆಳಗಿನ ಪಾಳಿ, ಆರೂ ಹತ್ತರ ಟ್ರಾಮು.
ಗಾಜಿನಾಚೆ ನದಿ, ನದಿಯ ಮೇಲೆ ಮಂಜು,
ಬ್ರೆಡ್ಡಿನ ಚೀಲವನ್ನು ಮಗುವಿನಂತೆ ಎತ್ತಿಕೊಂಡ ಮುದುಕ.
ತಿರುವಿನಲ್ಲಿ, ಹಿಂದೆ, ಯಾರೋ ಮೂಗೆಳೆದುಕೊಂಡ ಸದ್ದು.
ಶೀತವಿರಬಹುದು.
ಶೀತವೇ ಇರಬೇಕು.
ಮುಂದಿನ ನಿಲ್ದಾಣದಲ್ಲಿ ನಿಲ್ಲಿಸಿ, ಸೀಟು ಬಿಟ್ಟೆದ್ದು,
ಪೂರಾ ಹಿಂದಕ್ಕೆ ತಿರುಗಿ ನಿಂತೆ.
ಮೂವತ್ತು ಮುಖಗಳು ಮೊಬೈಲಿನಿಂದ ಮೇಲೆದ್ದವು.
"ಏನಾಯ್ತು?" ಅಂದರು ಯಾರೋ.
"ಏನೂ ಆಗಲಿಲ್ಲ" ಅಂದೆ.
ಗಂಟೆ ಮಾತ್ರ ಇನ್ನೂ ಹೊಡೆದಿರಲಿಲ್ಲ.