ಐದನೇ ಪುಸ್ತಕ

ಭದ್ರಾವತಿಯ ಲೈಬ್ರರಿಯಲ್ಲಿ ಈ ಸಲ
ಓದುವ ಹುಡುಗರೇ ತೀರ್ಪುಗಾರರು.
ಹದಿಮೂರು ದಾಟಿರಬೇಕು, ಇಪ್ಪತ್ತು ಮುಟ್ಟಿರಬಾರದು.
ಬಿಸ್ಕತ್ತಿನ ಡಬ್ಬಿಗೆ ಸೀಳು ಕೊರೆದು
ಮೇಜಿನ ಮೇಲಿಟ್ಟೆ.

ಪಟ್ಟಿಯಲ್ಲಿ ಐದು. ಕಪಾಟಿನಲ್ಲಿ ನಾಲ್ಕು.
ಐದನೆಯದು ಜೂನ್‌ನಲ್ಲೇ ನಾಪತ್ತೆ;
ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೆ:
‘ಕಳೆದಿದೆ. ದಂಡ ನೂರಾ ನಲವತ್ತು.’

ನಿನ್ನೆ ಚೀಟಿ ಬಿಡಿಸಿದರೆ
ಮೂವತ್ತೊಂದರಲ್ಲಿ ಹತ್ತೊಂಬತ್ತು ಅದಕ್ಕೇ!
ಒಂದರ ಮೇಲೆ ಸಾರಿನ ಕಲೆ, ಹಾಸ್ಟೆಲಿನದಿರಬೇಕು.
ಇನ್ನೊಂದರ ಬೆನ್ನಿಗೆ ಜಗಳ:
‘ಆ ಹುಡುಗಿ ಅಪ್ಪನಿಗೆ ಸುಳ್ಳು ಹೇಳಿದ್ದೇ ಸರಿ.’

ತಸ್ಮಿಯಾ, ಗಿರಿಜೇಶ, ಕೊನೆ ಬೆಂಚಿನ ಎಲಿಶಾ
ಕರೆಂಟಿಲ್ಲದ ಫ್ಯಾನನ್ನೇ ದಿಟ್ಟಿಸುತ್ತ ಕೂತಿದ್ದಾರೆ.

ನಾನೇನೂ ಕೇಳಲಿಲ್ಲ.
ಬಹುಮಾನದ ಚೀಟಿ ಅಂಟಿಸೋಕೆ ಪುಸ್ತಕ ಬೇಕಲ್ಲ,
ಎಂದೆ, ಗೋಡೆಗೆ.

ಗೋಡೆ ಹೇಳಿತು:
‘ಇನ್ನೂ ಇಬ್ಬರು ಓದೋದಿದೆ, ಮೇಡಂ.’