ಲಗೇಜು

ಹುಮನಾಬಾದ ಬಸ್ ಸ್ಟ್ಯಾಂಡಿನಾಗ ಏಳೂ ಹತ್ತಕ್ಕ
ಡಬಲ್ ಬೆಲ್ ಹೊಡಿಯೂದರಾಗಿದ್ದೆ.
ಸ್ಟುಡಿಯೊದ ಶಕೀಲಾ ಓಡಿ ಬಂದಳು,
ಕೈಯಾಗ ಕಾಲುಚೀಲ, ಒಂದೇ ಕಾಲಿಂದು.
ಒಳಗ ಬಿಸ್ಕೀಟ್ ಪುಡಿಕೆಯಷ್ಟು ಕರೀ ಡಬ್ಬಿ,
ಬಾಲದಂಗ ಒಂದು ಗೇಣು ವಾಯರು.

"ಕಲಬುರಗಿಯಾಗ ಆಲ್ಬಮ್ಮಿನಂವ ನಿಂತಿರ್ತಾನ,
ಕಾಕಾ, ಬೀಳಿಸಬ್ಯಾಡ್ರಿ."
ಏನದ ಇದರಾಗ?
"ಮೂರು ಲಗ್ನ, ಒಂದು ತೊಟ್ಟಿಲು,
ಹಳ್ಳಿಖೇಡದ ಒಂದು ಕುದುರಿ."

ನೆಟ್ಟಿನಾಗ ಕಳಿಸಬಾರದೇನು?

"ಸೋಮವಾರ ಹಚ್ಚೀನಿ. ಇವತ್ತು ಗುರುವಾರ,
ಮದುಮಗಳು ಇನ್ನಾ ಅರಿಶಿಣದಾಗೇ ಕುಂತಾಳ.
ಕರೆಂಟು ಹ್ವಾದರ ಮತ್ತ ಮೊದಲಿಂದ.
ನಿಮ್ಮ ಬಸ್ಸಿಗಿಂತ ಜಲ್ದಿ ನೆಟ್ಟು ನಮ್ಮ ಓಣಿಯಾಗ ಇಲ್ಲ."

ಇಪ್ಪತ್ತಾರು ವರ್ಷದ ಸರ್ವೀಸಿನಾಗ
ನನ್ನ ಬಸ್ಸಿಗೆ ಜಲ್ದಿ ಅಂದಾಕಿ ಈಕಿ ಒಬ್ಬಾಕೇ.
ಕನ್ನಡಿಯಾಗ ಮಾಣಿಕರಾವ್ ಮೀಸಿ ತಿರುವಿದ.

ಬಸ್ಸು ಬಿಟ್ಟ ಮ್ಯಾಲೂ ಕಿಟಕಿ ಜೊತಿ ಓಡುತ್ತ ಕೂಗಿದಳು:
"ಹಳ್ಳಿಖೇಡದ ಬಾರಾತಿನಾಗ ನೀವೂ ಅದೀರಿ!
ರಸ್ತಾ ಬಿಡ್ರಿ ಅಂತ ಸೀಟಿ ಊದಿ ಊದಿ ಬೈದೀರಿ,
ಕಟ್ ಮಾಡಿಲ್ಲಾ!"

ಈ ಸೀಟಿನ ಕೆಳಗ ಎಷ್ಟು ಒಯ್ದಿಲ್ಲ?
ಮೊಸರಿನ ಕೊಡ, ಟ್ರ್ಯಾಕ್ಟರಿನ ಬೇರಿಂಗು, ವಕೀಲರ ಫೈಲು,
ಕಾಲು ಕಟ್ಟಿದ ಒಂದು ಹುಂಜ.
ಹುಂಜರ ಕೂಗಿತು. ಇದು ಉಸಿರೂ ಬಿಡೂದಿಲ್ಲ.
ಶಕೀಲಾನ ಅಪ್ಪ ಕ್ಯಾಸೆಟ್ಟು ಒಯ್ಯುತ್ತಿದ್ದ ಕಾಲದಾಗ
ಎರಡು ಗೋಣಿಚೀಲ, ಒಂದು ಪೂರಾ ಸೀಟು;
ಮಳಿಗೆ ಅಂವ ಬೀಗರಿಗಿಂತ ಹೆಚ್ಚು ಅಂಜತಿದ್ದ.
ಇದು ಒಂದು ಉಳ್ಳಾಗಡ್ಡಿ ತೂಕ.
ಮಷೀನು ಒಂದು ತೊಡಿಮ್ಯಾಲೆ, ಇದು ಇನ್ನೊಂದರ ಮ್ಯಾಲೆ,
ಹಂಪು ಬಂದಲ್ಲೆಲ್ಲ ಕೈ ಮುಚ್ಚಿದೆ.
ಲೆಕ್ಕ ಮಾತ್ರ ಹತ್ತಲಿಲ್ಲ:
ಮೂವರು ಮದುಮಗಳ್ಯಾರಿಗೆ ಸೊನ್ನೆ ಟಿಕೇಟು ಸರಿ,
ಗಂಡುಗಳಿಗೆ ಎಷ್ಟು ಹರೀಬೇಕು? ಕುದುರಿಗೆ?

ಕಮಲಾಪುರದಾಗ
ಕೆಂಪು ಬಾಳಿಹಣ್ಣಿನ ಬುಟ್ಟಿ ಹಿಂದಿಂದ ಚೆಕಿಂಗಿನವರು ಏರಿದರು.
"ಇದು ಯಾರ ಲಗೇಜು?"
ನಂದೇರಿ ಸಾಹೇಬ್ರ.
"ಏನದ ಒಳಗ?"
ನಾ ಅದೀನ್ರಿ.
ಅವರು ನನ್ನ ನೋಡಿದರು, ಕಾಲುಚೀಲ ನೋಡಿದರು,
ಕಿವಿಗೆ ಹಚ್ಚಿ ಅಲುಗಿಸಿದರು.
ಬ್ಯಾಂಡಿಲ್ಲ, ಸೀಟಿಯಿಲ್ಲ.
ಸುಮ್ಮನ ಇಳಿದು ಹ್ವಾದರು.

ಕಲಬುರಗಿಯಾಗ ಆಲ್ಬಮ್ಮಿನ ಹುಡುಗ
ಚಾದಂಗಡಿ ಬಾಕಿನ ಮ್ಯಾಲೇ ಲ್ಯಾಪ್‌ಟಾಪು ತೆರೆದ.
ವಾಯರು ಚುಚ್ಚಿದ.
ಹಸಿರು ಗೆರಿ ಎಡದಿಂದ ಬಲಕ್ಕ ಹರೀತು,
ನನ್ನ ಚಾ ಆರೂದರೊಳಗ ಮೂರು ಲಗ್ನ ಮುಗಿದ್ವು.
"ವಾಪಸ್ ಒಯ್ರಿ ಕಾಕಾ."
ಸ್ವಲ್ಪ ನನ್ನ ತೋರಿಸಪಾ, ಅಂದೆ.
"ಎಲ್ಲಿ ಅಂತ ಹುಡುಕಲಿ?
ಹದಿನಾಲ್ಕು ತಾಸಿಂದು ಅದ.
ಇಳಿಸೂದಷ್ಟೇ ಜಲ್ದಿ, ನೋಡೂದು ಅಷ್ಟೇ ಹೊತ್ತು."

ಮಾಣಿಕರಾವ್ ಹಾರ್ನ್ ಹೊಡೆದ.

ಹುಮನಾಬಾದದಾಗ ಡಬ್ಬಿ ಕೊಟ್ಟೆ. ಕಾಲುಚೀಲ ಎಲ್ಲೆಂದಳು,
ಬಾಕಿನ ಮ್ಯಾಲೇ ಉಳಿದಿತ್ತು.
ಮುಂದ ಬೀದರ ಹಾದಿ. ಹಳ್ಳಿಖೇಡದಾಗ
ಮತ್ತೊಂದು ಬಾರಾತು ಅಡ್ಡ ಬಂತು,
ಕುದುರಿ ಮುಂದ ಒಬ್ಬ ಕ್ಯಾಮೆರಾ ಹಿಡಿದು ಹಿಂದಹಿಂದಕ್ಕ ನಡೀತಿದ್ದ.
ಸೀಟಿ ಬಾಯಿತನಕ ಹೋಗಿತ್ತು.
ಇಳಿಸಿದೆ.
ಖಾಕಿ ಅಂಗಿಯ ಮ್ಯಾಲಿನ ಗುಂಡಿ ಹಾಕ್ಕೊಂಡೆ.